ಡಯಾಲಿಸಿಸ್ ವಿಭಾಗದ ಹದಿನೇಳನೆಯ ಸರ್ವರ್

ವಿಕ್ರೋಳಿಯ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ತಿರುಮಲೇಶರು ಹನ್ನೆರಡು ವರ್ಷ ಪರೇಲಿನ ಒಂದು ಆಸ್ಪತ್ರೆಯಲ್ಲಿ ಬ್ಯಾಕಪ್ ನೋಡಿಕೊಳ್ಳುತ್ತಿದ್ದರು. ಸರ್ವರ್ ಕೆಟ್ಟರೂ ರೋಗಿಗಳ ದಾಖಲೆ ಹೋಗಬಾರದೆಂದು ಇನ್ನೊಂದು ಪ್ರತಿ ತೆಗೆದಿಡುವ ಕೆಲಸ. ಅದು ಸರಿಯಾಗಿ ನಡೆದಷ್ಟು ಕಾಲ ಅಂಥವರೊಬ್ಬರು ಇದ್ದಾರೆಂದೇ ಯಾರಿಗೂ ಗೊತ್ತಾಗುವುದಿಲ್ಲ.

ಕಳೆದ ವರ್ಷ ಹೊಸ ಸಾಫ್ಟ್‌ವೇರ್ ಬಂತು. ಪ್ರತಿ ಭಾನುವಾರ ಅದು ಆಸ್ಪತ್ರೆಯ ನೆಟ್‌ವರ್ಕನ್ನೆಲ್ಲ ಜಾಲಾಡಿ, ಡೇಟಾಬೇಸ್ ಸರ್ವರುಗಳನ್ನು ತಾನೇ ಹುಡುಕಿ ಪಟ್ಟಿ ಕೊಡುತ್ತದೆ. ಪಟ್ಟಿಯಲ್ಲಿದ್ದದ್ದನ್ನು ನೋಂದಾಯಿಸಿದರೆ ಬ್ಯಾಕಪ್ ಶುರು. ಹದಿನಾರು ಸಿಕ್ಕವು.

"ಲಿಸ್ಟ್ ಪೂರ್ತಿ ಅಂತ ನೀವು ಸೈನ್ ಮಾಡಿದ ಮಹೀನಾನೇ ಲಾಸ್ಟ್, ಸರ್. ಆಮೇಲೆ ನಿಮ್ಮ ಜರೂರತ್ ಇಲ್ಲ," ಎಂದು ಮ್ಯಾನೇಜರ್ ಸಚಿನ ಮರ್ಯಾದೆಯಿಂದಲೇ ಹೇಳಿದ.

ಯಂತ್ರದ ಪಟ್ಟಿಯನ್ನು ತಿರುಮಲೇಶರು ನಂಬುವವರಲ್ಲ. ಊಟದ ಬಿಡುವಿನಲ್ಲಿ ನೋಟ್‌ಬುಕ್ ಹಿಡಿದು ಮಹಡಿ ಮಹಡಿ ಸುತ್ತುವುದು ಅವರ ಹಳೆಯ ಚಾಳಿ. ಹಿಂದಿನ ತಿಂಗಳಷ್ಟೇ ಪವಾಯಿ ಶಾಖೆಯಿಂದ ಬಂದಿದ್ದ ಡಯಾಲಿಸಿಸ್ ವಿಭಾಗದಲ್ಲಿ, ದಾಖಲೆ ಬರೆಯುವ ನಜಮುನ್ನೀಸಾರ ಮೇಜಿನ ಕೆಳಗೆ, ಹಸಿರು ಬಟ್ಟೆ ಹೊದ್ದು ಹದಿನೇಳನೆಯದು ಕೂತಿತ್ತು. ಒಂಬತ್ತು ವರ್ಷದ ರೋಗಿಗಳ ವಿವರ ಅದರಲ್ಲಿತ್ತು. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

"ಭಾನುವಾರ ಇದು ಯಾಕಮ್ಮ ಕಾಣಿಸಲ್ಲ?"

"ಶನಿವಾರ ಹೋಗೂಮುಂದ ಈ ಮೇಜಿನ ಸ್ವಿಚ್ಚ ಬಂದ್ ಮಾಡ್ತೀನ್ರಿ," ಎಂದರು ವಿಜಯಪುರದ ನಜಮುನ್ನೀಸಾ. "ಸುಮ್ಮನ ಕರೆಂಟ್ ಯಾಕ ಸುಡಬೇಕ್ರಿ?"

ನಾನಾಗಿದ್ದರೆ ಆರು ತಿಂಗಳು ಆ ಬಟ್ಟೆ ಎತ್ತುತ್ತಿರಲಿಲ್ಲ. ಇನ್ನೂ ಹುಡುಕುತ್ತಿದ್ದೇನೆ ಎಂದುಕೊಂಡು ಸಂಬಳ ತೆಗೆದುಕೊಳ್ಳುತ್ತಿದ್ದೆ. ಈ ಮನುಷ್ಯ ಅದೇ ಮಧ್ಯಾಹ್ನ ಸರ್ವರ್ ನೋಂದಾಯಿಸಿ, ಸ್ವಿಚ್ಚಿನ ಮೇಲೆ 'ಆರಿಸಬಾರದು' ಎಂದು ಚೀಟಿ ಅಂಟಿಸಿ, ಪಟ್ಟಿ ಪೂರ್ತಿಯೆಂದು ಸಹಿ ಹಾಕಿಬಿಟ್ಟರು. ಇಂಥ ಪ್ರಾಮಾಣಿಕತೆ ಕಂಡರೆ ನನಗೆ ಮೈ ಉರಿಯುತ್ತದೆ. ತಿಂಗಳ ಕೊನೆಗೆ ಆಸ್ಪತ್ರೆಯವರು ಒಂದು ಹೂಗುಚ್ಛ ಕೊಟ್ಟು ಅವರನ್ನು ಕಳಿಸಿದರು.

ನೋಂದಣಿಯಲ್ಲಿ 'ಯಾರಿಗೆ ತಿಳಿಸಬೇಕು' ಎಂಬಲ್ಲಿ ತಿರುಮಲೇಶರು ತಮ್ಮ ಮೊಬೈಲ್ ನಂಬರನ್ನೇ ಹಾಕಿದ್ದರು. ಅವರು ಹೋದ ಮೇಲೆ ಅದನ್ನು ಯಾರೂ ಬದಲಿಸಲಿಲ್ಲ. ಹಾಗಾಗಿ ಈಗಲೂ ಪ್ರತಿ ಭಾನುವಾರ ಬೆಳಿಗ್ಗೆ ಬ್ಯಾಕಪ್ ಆಯಿತೆಂಬ ಸಂದೇಶ ಅವರಿಗೇ ಬರುತ್ತದೆ.

ಕಳೆದ ಭಾನುವಾರ ನಾನು ಅವರ ಮನೆಯಲ್ಲೇ ಇದ್ದೆ. ಡಯಾಲಿಸಿಸ್ ಸರ್ವರ್ ಸಿಗುತ್ತಿಲ್ಲವೆಂದು ಸಂದೇಶ ಬಂತು. ಮೊದಲು ಸಚಿನನಿಗೆ ಫೋನ್ ಮಾಡಿದರು, ಅವನು ಎತ್ತಲಿಲ್ಲ. ಆಮೇಲೆ ನಜಮುನ್ನೀಸಾಗೆ ಮಾಡಿದರು.

"ಕೈ ರೂಢಿರೀ ಸರ, ಬಂದ್ ಮಾಡಿಬಿಟ್ಟೀನಿ. ಇಲ್ಲೇ ಮನಿ ಐತಿ, ಹೋಗಿ ಹಚ್ಚಿ ಬರ್ತೀನಿ," ಎಂದರು ಆಕೆ, ರಜೆಯ ದಿನವಾದರೂ.

ಹೆಂಡತಿ ಕೌಸಲ್ಯಾ ಎರಡು ಸಲ ಊಟಕ್ಕೆ ಕರೆದರು. ತಿರುಮಲೇಶರು ಫೋನ್ ನೋಡುತ್ತಾ ಕೂತೇ ಇದ್ದರು.

"ಆಸ್ಪತ್ರೆಯವರಿಗೆ ಹೇಳಿ ನಿಮ್ಮ ನಂಬರ್ ತೆಗೆಸಿ, ತಿರುಮಲೇಶರೇ," ಎಂದೆ, ಸಿಟ್ಟಿನಲ್ಲಿ.

"ತೆಗೆಸಿ ಅಂತ ಎರಡು ಸಲ ಬರೆದೆ. ಯಾರ ನಂಬರ್ ಹಾಕೋದು ಅಂತ ನನ್ನನ್ನೇ ಕೇಳಿದ್ದಾರೆ."

ಎರಡೂವರೆಗೆ ಬ್ಯಾಕಪ್ ಆಯಿತೆಂದು ಸಂದೇಶ ಬಂತು. ಅವರು ಕೈ ತೊಳೆದುಕೊಂಡು ಊಟಕ್ಕೆ ಕೂತರು.