ಸುಮೇರಾಳ ಗಾಜು, ಜಗಲಿಯ ಚೀಲ

ತುರುವೇಕೆರೆಯಲ್ಲಿ ಪಾತ್ರೆಗೆ ಹೆಸರು ಹಾಕಿಸಬೇಕಾದರೆ ಮೊದಲೆಲ್ಲ ವಹಾಬ್ ಸಾಬರ ಹತ್ತಿರ ಹೋಗುತ್ತಿದ್ದೆವು. ಉಳಿ ಹಿಡಿದು ಚುಕ್ಕಿ ಚುಕ್ಕಿಯಾಗಿ ಕೊರೆಯುತ್ತಿದ್ದರು. ಈಗ ಅವರ ಮಗಳು ಸುಮೇರಾ ಲೇಸರ್ ಮಿಷನ್ ಇಟ್ಟಿದ್ದಾಳೆ. ಹೆಣ್ಣಿಗೆ ಹೊಲಿಗೆ ಸಾಲದೇ ಎಂದವರೂ ಇದ್ದರು. ಅವರ ಮನೆ ಲೋಟಗಳಿಗೂ ಹೆಸರು ಹಾಕಿಕೊಟ್ಟಳು.

ಇವತ್ತು ನನ್ನ ಪುಟ್ಟ ಮಗಳು ವರ್ಷಿಣಿಯನ್ನೂ ಎತ್ತಿಕೊಂಡು ಹೋಗಿ, ಹೊಸಿಲಾಚೆ ನಿಂತೇ ಅವಳ ಊಟದ ಬಟ್ಟಲು ಕೊಟ್ಟೆ. ಸುಮೇರಾ ಮೊದಲು ಒಂದು ತಗಡಿನ ಮೇಲೆ ಹೊಡೆದು ನೋಡಿದಳು. ಅರ್ಧ ಹೆಸರು ಕಪ್ಪಗೆ, ಅರ್ಧ ಮಾಸಲು. ಪವರ್ ಜಾಸ್ತಿ ಮಾಡು ಎಂದೆ. ಅವಳು ಮಿಷನ್ನನ್ನೇ ಆರಿಸಿ, ಲೆನ್ಸ್ ಬಿಚ್ಚಿ, ಟಾರ್ಚಿಗೆ ಹಿಡಿದಳು. ಗಾಜಿನಲ್ಲಿ ಗಸಗಸೆಯಷ್ಟು ಬಿಳಿ ಗುಳಿ.

ಲೇಸರ್ ಬೆಳಕು ಏಟು ಏಟಾಗಿ ಬರುತ್ತದಂತೆ. ಗಾಜು ಶುಭ್ರವಾಗಿದ್ದರೆ ದಾಟಿಹೋಗುತ್ತದೆ. ಧೂಳೋ ಎಣ್ಣೆಯೋ ಕೂತಿದ್ದರೆ ಅದು ಅಲ್ಲೇ ಉರಿದು ಗಾಜನ್ನು ಕೀಳುತ್ತದೆ. ಮುಂದಿನ ಏಟುಗಳು ಅದೇ ಗುಳಿಯನ್ನು ದೊಡ್ಡದು ಮಾಡುತ್ತವೆ, ಪವರ್ ಏರಿಸಿದರೆ ಇನ್ನೂ ಬೇಗ. ಸೊಳ್ಳೆ ಕಚ್ಚಿದ ಕಡೆಯೇ ಮಗು ಕೆರೆದು ಕೆರೆದು ಹುಣ್ಣು ಮಾಡಿಕೊಂಡಂತೆ.

ಧೂಳು ಜಗಲಿಯಲ್ಲಿದ್ದ ಕೊಬ್ಬರಿ ಚೀಲಗಳದ್ದು. ಆ ಚೀಲಗಳು ಅವಳು ಬಾಡಿಗೆಗಿದ್ದ ಮಳಿಗೆಯ ಯಜಮಾನರಾದ ಮಲ್ಲಿಕಾರ್ಜುನಯ್ಯನವರವು. ಎತ್ತಿಸಿ ಎಂದು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಅವಳ ಹತ್ತಿರ ಉಳಿದಿದ್ದು ಒಂದೇ ಲೆನ್ಸ್. ಅದೂ ಹೋದರೆ ಅಂಗಡಿ ಮುಚ್ಚಬೇಕು.

ಅಷ್ಟರಲ್ಲಿ ಅವರೇ ಬಂದರು, ಮಗಳ ಮದುವೆ ಪಾತ್ರೆಗಳನ್ನು ಹೊರಿಸಿಕೊಂಡು.

"ಚೀಲ ಎತ್ಸಿದ್ರೆ ಹೆಸರು ಹಾಕ್ತೀನಿ. ಇಲ್ಲಾಂದ್ರೆ ಪಾತ್ರೆ ತಗೊಂಡೋಗಿ," ಎಂದಳು ಸುಮೇರಾ.

"ಮಳಿಗೆ ನಂದು ಕಣಮ್ಮ. ಖಾಲಿ ಮಾಡ್ಸಕ್ಕೆ ಎಷ್ಟೊತ್ತು?"

"ಮಳಿಗೆ ನಿಮ್ದೇ. ಗಾಜು ನಂದು ಕಣ್ರೀ."

ತಿಪಟೂರಲ್ಲಿ ಹಾಕಿಸಿಕೊಳ್ಳುತ್ತೇನೆ ಬುಡು ಎಂದರು. ಅವಳು ಕೊಳಗ, ಪರಾತ, ಚೊಂಬು ಎಲ್ಲವನ್ನೂ ಒಯ್ದು ಅವರ ಚೀಲಗಳ ಮೇಲೇ ಸಾಲಾಗಿ ಜೋಡಿಸಿ ಬಾಗಿಲು ಅರ್ಧ ಎಳೆದಳು. ಪಕ್ಕದ ಟೀ ಅಂಗಡಿಯ ಆಂಜನಪ್ಪ ಇಣುಕಿದ.

"ಏನ್ ಯಜಮಾನ್ರೇ, ಕೊಬ್ಬರಿ ಬುಟ್ಟು ಪಾತ್ರೆ ಯಾಪಾರಾನಾ?"

ರಸ್ತೆಯಲ್ಲಿದ್ದವರು ನಕ್ಕರು. ಮಲ್ಲಿಕಾರ್ಜುನಯ್ಯನವರು ಸ್ವಲ್ಪ ಹೊತ್ತು ಪಾತ್ರೆ ಕಾಯುತ್ತಾ ನಿಂತರು. ಆಮೇಲೆ ಗೊಣಗುತ್ತಲೇ ಹಮಾಲಿಗಳನ್ನು ಕರೆಸಿದರು. ಹೆಸರು ಮಾತ್ರ ದಪ್ಪಗೆ ಬರಬೇಕಂತೆ.

ಚೀಲ ಹೋದ ಮೇಲೆ ಸುಮೇರಾ ಜಗಲಿ ತೊಳೆದು, ಕೈ ತೊಳೆದು, ಕೊನೆಯ ಲೆನ್ಸ್ ಹಾಕಿದಳು. ನೋಡೋಣವೆಂದು ಮಗು ಎತ್ತಿಕೊಂಡು ಹೊಸಿಲಿಗೆ ಕಾಲಿಟ್ಟೆ. ಅವಳು ಅಂಗೈ ಅಡ್ಡ ಹಿಡಿದಳು.

"ಮಗೂಗೆ ಎಣ್ಣೆ ಹಚ್ಚಿದೀರ. ಆಚೆನೇ ನಿಂತ್ಕೊಳ್ಳಿ ಅಕ್ಕ."

ನಿಂತೆ. ಚೀಲವಿದ್ದ ಜಾಗದಲ್ಲಿ ನಾನು, ನನ್ನ ಪಕ್ಕದಲ್ಲಿ ಮಳಿಗೆಯ ಯಜಮಾನರು. ಮೊದಲು ವರ್ಷಿಣಿಯ ಬಟ್ಟಲು ಎಂದಳು. ಅವರು ಕೈಯಲ್ಲಿದ್ದ ಚೊಂಬಿನ ಧೂಳನ್ನು ಪಂಚೆಯ ತುದಿಯಿಂದ ಒರೆಸತೊಡಗಿದರು.