ಫ್ಲೆಕ್ಸ್ ಹಿಂಬದಿಯ ಕೋಟೆ

ಕುಶಾಲನಗರದಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಹೆಸರು ತಪ್ಪಾಗಿ ಅಚ್ಚಾದ, ಬಣ್ಣ ಹರಡಿಕೊಂಡ ಬ್ಯಾನರುಗಳು ಮೂಲೆಯಲ್ಲಿ ಸುತ್ತಿ ಬಿದ್ದಿರುತ್ತವೆ. ಅವುಗಳ ಬಿಳಿ ಹಿಂಬದಿಯ ಮೇಲೆ ಮಾರ್ಕರ್ ಹಿಡಿದು ನಾನು ಮ್ಯಾಪ್ ಬರೆಯುತ್ತಿದ್ದೆ. ಮುಂದುಗಡೆ ಯಾರದೋ ಶ್ರದ್ಧಾಂಜಲಿ, ಹಿಂದುಗಡೆ ನನ್ನ ಕೋಟೆ, ಸುರಂಗ, ನದಿ.

ಮ್ಯಾಪ್ ಬೇಕಾಗಿದ್ದು ನಮ್ಮ ಭಾನುವಾರದ ಆಟಕ್ಕೆ. ಲಾಕ್‌ಡೌನ್ ಕಾಲದಲ್ಲಿ ಫೋನಿನಲ್ಲಿ ನೋಡಿ ಕಲಿತ ಆಟ. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಬೀಸಿದ ಕತ್ತಿ ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಯಾರು ಎಲ್ಲಿ ನಿಂತಿದ್ದಾರೆಂದು ತಿಳಿಯಲಿ ಎಂದು ಮೇಜಿನ ಮೇಲೆ ಚೌಕಳಿ ಎಳೆದ ಮ್ಯಾಪ್ ಹರಡಿರುತ್ತದೆ. ಕತೆ ನಡೆಸುವವನು ನಾನು. ಆಡುವವರು ಒಬ್ಬರು ಹೈಸ್ಕೂಲ್ ಮೇಷ್ಟ್ರು, ಪಕ್ಕದ ಮೆಡಿಕಲ್ ಶಾಪಿನಾಕೆ, ಮತ್ತೆ ಚಡ್ಡಿ ಹಾಕುವ ಕಾಲದಿಂದಲೂ ನನ್ನ ಜೊತೆಗಿದ್ದ ಗೆಳೆಯ. ಅವನು ಚೆಟ್ಟಳ್ಳಿ ಕಡೆಯ ಒಂದು ಎಸ್ಟೇಟಿನಲ್ಲಿ ಜೀಪ್ ಓಡಿಸುತ್ತಿದ್ದ. ಬೆಳಿಗ್ಗೆ ಕೆಲಸದವರನ್ನು ಅವರ ಲೈನ್ ಮನೆಗಳಿಂದ ತೋಟಕ್ಕೆ ಬಿಡುವುದು, ಸಂಜೆ ವಾಪಸು ತರುವುದು. ಆಟದಲ್ಲಿ ಅವನ ಕಾಯಿ ಒಂದು ಹಳೇ ನಟ್ಟು. ಶತ್ರುಗಳು ಸೋಡಾ ಬಾಟಲಿಯ ಮುಚ್ಚಳಗಳು.

ಆ ಭಾನುವಾರ ಪಾಳು ಕೋಟೆಯ ಮ್ಯಾಪ್ ಇತ್ತು. ಅವನ ಎಡಗೈ ಪಕ್ಕದಲ್ಲೇ ಮುಚ್ಚಳಗಳ ಒಂದು ಗುಂಪು ಇಟ್ಟಿದ್ದೆ. ಅವನು ನಟ್ಟನ್ನು ಎತ್ತಿ ನೇರ ಅವುಗಳ ನಡುವೆ ಇಟ್ಟ. ಮೇಷ್ಟ್ರು ನಕ್ಕರು. "ಏನ್ ಧೈರ್ಯ ಮಾರಾಯ ನಿಂದು!" ಅವನೂ ನಕ್ಕ. ಸ್ವಲ್ಪ ಹೊತ್ತಿಗೆ, "ಬಾಗಿಲು ಎಲ್ಲಿ ಬರೆದಿದ್ದೀಯ?" ಎಂದು ಕೇಳಿದ. ಬಾಗಿಲು ಅವನ ಮೊಣಕೈ ಹತ್ತಿರವೇ ಇತ್ತು. ಒಂದು ಮುಚ್ಚಳವನ್ನು ಮ್ಯಾಪಿನ ಅಂಚಿನಿಂದ ಬೆರಳಲ್ಲಿ ಮೆಲ್ಲಗೆ ಒಳಕ್ಕೆ ತಳ್ಳಿದೆ. ಅದು ಅವನ ಮೂಗಿನ ನೇರಕ್ಕೆ ಬರುವ ತನಕ ಅವನು ನೋಡಲಿಲ್ಲ. ಬಂದ ಮೇಲೆ ಬೆಚ್ಚಿದ.

ಉಳಿದಿಬ್ಬರು ಹೋದ ಮೇಲೆ ಕೇಳಿದೆ. "ನಿಂಗೆ ಕಣ್ಣು ಕಾಣ್ತಿಲ್ವೇನೋ?"

"ಎದುರಿಗಿರೋದು ಚೆನ್ನಾಗೇ ಕಾಣುತ್ತೆ."

"ಪಕ್ಕದಲ್ಲಿರೋದು?"

ಅವನು ದಾಳಗಳನ್ನು ಡಬ್ಬಿಗೆ ತುಂಬುತ್ತಾ ಕೂತ. "ರೋಡು ಎದುರಿಗೇ ತಾನೇ ಇರೋದು" ಎಂದ.

"ಹಿಂದೆ ಜನ ಕೂತಿರ್ತಾರೆ ಕಣೋ."

"ಕಾಫಿ ಪಿಕಿಂಗ್ ಮುಗೀಲಿ. ತೋಟದ ರೈಟರ್‌ಗೆ ಗೊತ್ತಾದ್ರೆ ನಾಳೆನೇ ಕೀ ಕಿತ್ಕೋತಾನೆ. ಯಾರಿಗೂ ಹೇಳ್ಬೇಡ."

ಆಗುವುದಿಲ್ಲ ಎಂದೆ. ಅವನು ಎದ್ದು ಹೋಗುವಾಗ ಬಾಗಿಲ ಚೌಕಟ್ಟಿಗೆ ಭುಜ ತಾಗಿತು.

ಮರುದಿನ ಅವನು ಎದ್ದೇಳುವ ಮೊದಲೇ ಅವನ ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಆಕೆ ಒಲೆ ಮುಂದಿನಿಂದ ಏಳಲಿಲ್ಲ. "ನಂಗೆ ಅನುಮಾನ ಇತ್ತಣ್ಣ. ಕತ್ತಲಾದ್ರೆ ಹಿತ್ತಲಿಗೆ ಹೋಗೋಕೂ ನನ್ನ ಭುಜ ಹಿಡ್ಕೋತಾರೆ. ಕೇಳಿದ್ರೆ ಸುಸ್ತು ಅಂತಾರೆ. ಅವರ ಸೋದರಮಾವನಿಗೂ ಹೀಗೇ ಶುರುವಾಗಿದ್ದಂತೆ." ಆಮೇಲೆ ಎದ್ದು ಗೋಡೆಯ ಮೊಳೆಯಿಂದ ಜೀಪಿನ ಕೀ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು.

ಮೈಸೂರಿನ ಕಣ್ಣಾಸ್ಪತ್ರೆಗೆ ಮೂವರೂ ಹೋದೆವು. ನೋಟ ಸುತ್ತಲಿಂದ ಒಳಕ್ಕೆ ಕಿರಿದಾಗುತ್ತಾ ಬರುತ್ತದೆ, ತಡೆಯುವ ಔಷಧಿ ಇಲ್ಲ, ಇನ್ನು ಗಾಡಿ ಮುಟ್ಟಬಾರದು ಎಂದರು ಡಾಕ್ಟರು. ವಾಪಸು ಬರುವ ಬಸ್ಸು ಹುಣಸೂರು ದಾಟಿತು. ಅವನು ನನ್ನ ಕಡೆ ತಿರುಗದೆ ಹೇಳಿದ, "ಆಟಕ್ಕೆ ಕರೆದು ಪರೀಕ್ಷೆ ಮಾಡಿದ್ಯಲ್ಲ."

ನಾನು ಕಿಟಕಿ ನೋಡುತ್ತಾ ಕೂತೆ. ಮಾಡಿದ್ದು ಅದನ್ನೇ.

ಎಸ್ಟೇಟಿನವರು ಬೇರೆ ಡ್ರೈವರ್ ಇಟ್ಟುಕೊಂಡರು. ಇವನಿಗೆ ಒಣಹಾಕಿದ ಕಾಫಿ ಕಾಯುವ ಕೆಲಸ ಕೊಡುತ್ತೇವೆ ಎಂದರಂತೆ, ಇವನು ಹೋಗಲಿಲ್ಲ. ಅವನ ಹೆಂಡತಿಯೇ ಪಿಕಿಂಗಿಗೆ ಹೋಗತೊಡಗಿದಳು, ಅದೇ ಜೀಪಿನ ಹಿಂದೆ ಕೂತು. ಭಾನುವಾರಗಳಲ್ಲಿ ನಮ್ಮ ಮೇಜಿನಲ್ಲಿ ಅವನ ಜಾಗ ಖಾಲಿ.

ನಾನು ಬೇರೆ ಥರದ ಮ್ಯಾಪ್ ಮಾಡಲು ಕೂತೆ. ಪ್ಲೈವುಡ್ ಮೇಲೆ ಗೋಂದು ಹಚ್ಚಿ ದಾರದಿಂದ ಗೋಡೆ, ಮರಳಿನಿಂದ ನದಿ, ಒಣಗಿದ ಕಾಫಿ ಸಿಪ್ಪೆಯಿಂದ ಕಾಡು. ಕಣ್ಣು ಮುಚ್ಚಿ ಬೆರಳಾಡಿಸಿ ನೋಡುತ್ತಿದ್ದೆ. ತಿಳಿಯದ ಕಡೆ ಕಿತ್ತು ಮತ್ತೆ ಅಂಟಿಸುತ್ತಿದ್ದೆ. ಅವನ ಹೆಂಡತಿ ಹೇಗೋ ಒಪ್ಪಿಸಿ ಒಂದು ಭಾನುವಾರ ಅವನನ್ನು ಕರೆದುಕೊಂಡು ಬಂದಳು. ಅವನು ಕೂತು ಹಲಗೆಯ ಮೇಲೆ ಕೈಯಿಟ್ಟ.

"ಇದು ನದಿಯಾ?"

"ಹೂಂ."

"ಇದು ಗೋಡೆ. ಇಲ್ಲಿ ಮುರಿದಿದೆ." ಅವನ ಮುಖ ಸ್ವಲ್ಪ ಸಡಿಲವಾದಂತೆ ಕಂಡಿತು. ಆಟ ಶುರುವಾಯಿತು. ಅವನ ಸರದಿ ಬಂದಾಗ ಬೆರಳು ದಾರದ ಗುಂಟ ನಿಧಾನ ಹೋಯಿತು, ದಾರಿ ತಪ್ಪಿತು, ಮತ್ತೆ ಮೊದಲಿಂದ ಹೊರಟಿತು. ಒಂದು ಮುಚ್ಚಳ ಬಿದ್ದು ಉರುಳಿತು. ಅವನು ಕೈ ತೆಗೆದ.

"ಮೂರು ಜನಾನೂ ಉಸಿರು ಬಿಗಿ ಹಿಡ್ಕೊಂಡು ನನ್ನ ಬೆರಳೇ ನೋಡ್ತಿದ್ದೀರ. ಕಾಣ್ದಿದ್ರೂ ಅದು ಗೊತ್ತಾಗುತ್ತೆ ಕಣ್ರೋ."

"ಹಂಗೇನಿಲ್ಲ" ಎಂದರು ಮೇಷ್ಟ್ರು.

"ಚೆನ್ನಾಗಿ ಮಾಡಿದ್ದೀಯ" ಎಂದು ನನಗೆ ಹೇಳಿ ಅವನು ಹೆಂಡತಿಯ ಕೈಗಾಗಿ ತಡಕಿದ. ಮತ್ತೆ ಆಟಕ್ಕೆ ಬರಲಿಲ್ಲ. ಮೇಷ್ಟ್ರಿಗೆ ವರ್ಗವಾಯಿತು, ಆಟವೂ ನಿಂತಿತು.

ಈಗ ನಾನೇ ಅವನ ಮನೆಗೆ ಹೋಗುತ್ತೇನೆ. ಕಾಫಿ ರೇಟು, ಹಾರಂಗಿಯ ನೀರು, ತೋಟಕ್ಕೆ ನುಗ್ಗಿದ ಆನೆ, ಹೀಗೆ ಏನಾದರೂ ಮಾತು. ಕಣ್ಣಿನ ವಿಷಯ ಇಬ್ಬರೂ ಎತ್ತುವುದಿಲ್ಲ. ಹೋದ ತಿಂಗಳು ಅವನೇ ಎತ್ತಿದ. "ಇವಳ ಮುಖ ಈಗ ಒಂದೇ ಸಲಕ್ಕೆ ಪೂರ್ತಿ ಸಿಗಲ್ಲ. ಒಂದು ಕಣ್ಣು, ಆಮೇಲೆ ಮೂಗು, ಆಮೇಲೆ ಬಾಯಿ. ಹಂಗೆ ಜೋಡಿಸ್ಕೋಬೇಕು."

ಆಕೆ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಕೇಳಿಸಿರಬೇಕು, ನಲ್ಲಿ ನಿಂತಿತು. ನಾನು ಕುರ್ಚಿಯನ್ನು ಅವನ ಎದುರಿಗೇ ಎಳೆದುಕೊಂಡು ಕೂತೆ.