ಅಕ್ಕೋರು ಕಾರ್ಟೂನು ನೋಡಿದ್ದು

ಕಳೆದ ತಿಂಗಳು ಗೋಕಾಕದಲ್ಲಿ, ನನ್ನ ಜೊತೆ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಗೆಳತಿಯ ಮನೆಗೆ ಊಟಕ್ಕೆ ಹೋಗಿದ್ದೆ. ಗೋಡೆಗೆ ತೂಗುಹಾಕಿದ ತೆಳ್ಳನೆಯ ಟೀವಿಯ ಮೇಲೆ ಅವಳ ಅತ್ತೆ ಬಿಳಿ ದಾರದ ಕ್ರೋಶಾ ಹೊದಿಕೆಯೊಂದನ್ನು ಇಳಿಬಿಟ್ಟಿದ್ದರು. ಹಳೆಯ ಡಬ್ಬಿ ಟೀವಿಗೆಂದು ಹೆಣೆದದ್ದು ಅದು. ಇದಕ್ಕೆ ಕೂರದೆ ಒಂದು ಕಡೆಗೆ ಜಾರುತ್ತಿತ್ತು. ಊಟದ ನಡುವೆ ನಾನು ಎರಡು ಸಲ ಎದ್ದು ಸರಿಮಾಡಿದೆ. ಅಂಥದೇ ಹೊದಿಕೆಯನ್ನು ದಿನಾ ಸಂಜೆ ಐದಕ್ಕೆ ತೆಗೆದು, ನಾಲ್ಕು ಮಡಿಕೆ ಮಾಡಿ, ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದವರೊಬ್ಬರು ನೆನಪಾದರು...

ಹುಕ್ಕೇರಿಯಲ್ಲಿ ನಮ್ಮ ಪಕ್ಕದ ಮನೆಯವರು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಅವರು ಇಡೀ ಓಣಿಗೆ ಅಕ್ಕೋರು. ನಾನು ಏಳನೆಯ ತರಗತಿಯಲ್ಲಿದ್ದಾಗ ಅವರು ಆಗಷ್ಟೇ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ತರಕಾರಿ ಮಾರುವವಳನ್ನು ಕರೆದರೂ ಹಾಜರಿ ಕರೆದ ಹಾಗೆ ಕೇಳಿಸುತ್ತಿತ್ತು.

ಆ ವರ್ಷ ನಾಲ್ಕನೆಯ ತರಗತಿಯಲ್ಲಿದ್ದ ನನ್ನ ತಮ್ಮ ಮನೆಯೊಳಗೆ ಚೆಂಡಾಡುತ್ತ ನಮ್ಮ ಟೀವಿಯನ್ನು ಸ್ಟೂಲಿನಿಂದ ಕೆಡವಿದ. ಅಪ್ಪ ಬಂದು ಚಪ್ಪಲಿ ಬಿಡುವ ಮೊದಲೇ ನಾನು ಎಲ್ಲವನ್ನೂ ಹೇಳಿ ಮುಗಿಸಿದ್ದೆ. ಮನೆಯಲ್ಲಿ ನೆಂಟರಿದ್ದರು. ಅವರೆಲ್ಲರ ಎದುರು ತಮ್ಮನಿಗೆ ಎರಡು ಏಟು ಬಿದ್ದವು. ನನಗೆ ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಗೋಡೆಯಾಚೆ ಕೇಳಿಸಿಕೊಂಡಿದ್ದ ಅಕ್ಕೋರು ಮರುದಿನ ಇಬ್ಬರನ್ನೂ ಕರೆದರು.

“ಐದಕ್ಕ ನಮ್ಮ ಮನಿಗೆ ಬಂದ ನೋಡ್ರಿ. ಕೈಕಾಲ ತೊಳಕೊಂಡ ಬರಬೇಕ ಮತ್ತ.”

ಆಗ ಕನ್ನಡದಲ್ಲಿ ಮಾತಾಡುವ ಕಾರ್ಟೂನೊಂದು ಬರುತ್ತಿತ್ತು. ಒಂದು ಮನೆ, ಅಪ್ಪ, ಅಮ್ಮ, ಮರೆಗುಳಿ ಅಜ್ಜಿ, ಎರಡು ಜಡೆಯ ಅಕ್ಕ, ಮುಟ್ಟಿದ್ದನ್ನೆಲ್ಲ ಮುರಿಯುವ ತಮ್ಮ. ಅವನು ಏನೋ ಒಡೆಯುತ್ತಿದ್ದ, ಅವಳು ಓಡಿಹೋಗಿ ಅಪ್ಪನಿಗೆ ಹೇಳುತ್ತಿದ್ದಳು, ಅಪ್ಪ ಅವನನ್ನು ಅಟ್ಟಿಸಿಕೊಂಡು ಹೋಗಿ ತಾನೇ ನೀರಿನ ಹೌದಿನಲ್ಲಿ ಬೀಳುತ್ತಿದ್ದ. ನಾವಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಅಕ್ಕೋರು ನಗುತ್ತಿರಲಿಲ್ಲ. ಉತ್ತರ ಪತ್ರಿಕೆ ತಿದ್ದುವವರಂತೆ ಕನ್ನಡಕ ಏರಿಸಿಕೊಂಡು ಆ ಹುಡುಗಿಯನ್ನೇ ನೋಡುತ್ತಿದ್ದರು. ಒಮ್ಮೆ ನನ್ನ ಕಡೆ ತಿರುಗಿ ಕೇಳಿದರು:

“ಆಕಿ ಹೇಳೂದೆಲ್ಲಾ ಖರೇನ ಐತಿ. ಆದ್ರೂ ಆಕಿ ಮ್ಯಾಲ ಸಿಟ್ಟ ಯಾಕ ಬರತೈತಿ?”

ನಾನು ಟೀವಿಯ ಕಡೆಗೇ ನೋಡಿದೆ. ತಮ್ಮ ಮಾತ್ರ ನನ್ನನ್ನು ಓರೆಗಣ್ಣಿನಿಂದ ನೋಡಿದ.

ಕಾರ್ಟೂನಿನ ಮಕ್ಕಳು ಬೆಳೆಯುವುದಿಲ್ಲ, ಅದೇ ಅಂಗಿ, ಅದೇ ಜಡೆ. ಆದರೆ ಆ ಹುಡುಗಿ ಒಂದೆರಡು ತಿಂಗಳಲ್ಲಿ ಬದಲಾಗುತ್ತ ಬಂದಳು. ಅಪ್ಪನ ಹತ್ತಿರ ಓಡುವ ಮೊದಲು ಬಾಗಿಲಲ್ಲಿ ಒಂದು ಕ್ಷಣ ನಿಲ್ಲತೊಡಗಿದಳು. ಅದನ್ನು ಮೊದಲು ಗುರುತಿಸಿದವರೂ ಅಕ್ಕೋರೇ. ಒಂದು ಸಂಜೆ ಕಾರ್ಟೂನಿನ ಹುಡುಗ ಅಜ್ಜಿಯ ಕನ್ನಡಕ ತುಳಿದ. ಅಪ್ಪ ಬಂದು ಯಾರು ಮುರಿದದ್ದು ಎಂದ. ಹುಡುಗಿ ತಮ್ಮನ ಮುಖ ನೋಡಿದಳು, ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಇಬ್ಬರೂ ಮಂಚದ ಕೆಳಗೆ ಕೂತು ಅಂಟು ಹಚ್ಚಿ ಜೋಡಿಸಿದರು. ಅಜ್ಜಿ ಹಾಕಿಕೊಂಡರೆ ಅದು ಮೂಗಿಗೇ ಅಂಟಿತು. ನಾವು ನಕ್ಕೆವು. ಅಕ್ಕೋರು ಎದ್ದು ಒಳಗೆ ಹೋದರು.

ಬಹಳ ಹೊತ್ತು ಬರಲಿಲ್ಲ. ನಾನು ಹೋಗಿ ನೋಡಿದೆ. ಒಲೆ ಹೊತ್ತಿಸದೆ ಒಲೆಯ ಮುಂದೆ ನಿಂತಿದ್ದರು.

“ನನಗೂ ಒಬ್ಬ ತಮ್ಮ ಅದಾನವಾ, ಮೂಡಲಗಿಯಾಗ” ಎಂದರು.

ಹನ್ನೆರಡರ ಹುಡುಗಿಗೆ ಅದನ್ನೆಲ್ಲ ಯಾಕೆ ಹೇಳಿದರೋ... ಬೇರೆ ಯಾರಿಗೂ ಹೇಳಿರಲಿಲ್ಲವೇನೋ. ಆಗ ಅವರಿಗೆ ಕೆಲಸ ಸಿಕ್ಕ ಹೊಸತು. ತಮ್ಮ ಅವರ ಶಾಲೆಯಲ್ಲೇ ಏಳನೆಯ ತರಗತಿ. ಪರೀಕ್ಷೆಯಲ್ಲಿ ಅವನ ಕಿಸೆಯಲ್ಲಿ ಚೀಟಿ ಸಿಕ್ಕಿತು, ಹಿಡಿದವರು ಅಕ್ಕನೇ. ಮರುದಿನ ಪ್ರಾರ್ಥನೆಯ ಹೊತ್ತಿಗೆ ಇಡೀ ಶಾಲೆಯ ಮುಂದೆ ಅವನನ್ನು ನಿಲ್ಲಿಸಿ, ಚೀಟಿಯನ್ನು ಅವನಿಂದಲೇ ಓದಿಸಿದರು. ಸ್ವಂತ ತಮ್ಮನನ್ನೂ ಬಿಡಲಿಲ್ಲ ಎಂದು ಎಲ್ಲರೂ ಹೊಗಳಿದರು. ಹುಡುಗ ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಮೂಡಲಗಿಯ ಸೋದರಮಾವನ ಮನೆಗೆ ಹೋಗಿ ಟೇಲರ್ ಕೆಲಸ ಕಲಿತ. ಮದುವೆ, ತಿಥಿಗಳಲ್ಲಿ ಅಕ್ಕತಮ್ಮ ಎದುರಾಗುತ್ತಿದ್ದರು. ಮಾತಿರಲಿಲ್ಲ. ಹೀಗೇ ನಲವತ್ತು ವರ್ಷ ಸಮೀಪಿಸಿತ್ತು.

“ನಾ ಖರೇನ ಹೇಳಿದ್ನಿ. ಆದ್ರ ಎಲ್ಲಾರ ಮುಂದ ಹೇಳಿದ್ನಿ” ಎಂದು ಅಕ್ಕೋರು ಒಲೆ ಹೊತ್ತಿಸಿದರು.

ಮುಂದಿನ ಭಾನುವಾರ ಅವರು ನಮ್ಮಿಬ್ಬರನ್ನೂ ಕರೆದುಕೊಂಡು ಮೂಡಲಗಿಗೆ ಹೊರಟರು. “ಒಬ್ಬಾಕಿ ಹೋದ್ರ ಗೋಕಾಕದಾಗ ಇಳದ ವಾಪಸ್ ಬಂದಬಿಡತೇನಿ” ಎಂದು ಅವ್ವನಿಗೆ ಹೇಳಿದರು. ಗೋಕಾಕದಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ಅವರ ತುಟಿ ಅಲುಗಾಡುತ್ತಿತ್ತು, ಭಾಷಣ ಬಾಯಿಪಾಠ ಮಾಡುವ ಮಕ್ಕಳ ಹಾಗೆ.

ಅವರ ತಮ್ಮನ ಟೇಲರ್ ಅಂಗಡಿಯಲ್ಲಿ ಇಬ್ಬರು ಹೊಲಿಯುತ್ತಿದ್ದರು, ಮೂರು ನಾಲ್ಕು ಗಿರಾಕಿಗಳಿದ್ದರು. ಕೊರಳಲ್ಲಿ ಟೇಪು ಹಾಕಿಕೊಂಡ, ಅರ್ಧ ತಲೆ ನರೆತವರೊಬ್ಬರು ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದರು, ತಲೆಯೆತ್ತಿದರು.

“ಬರ್ರಿ. ಕುಂದರ್ರಿ.”

ನಮ್ಮಲ್ಲಿ ಒಡಹುಟ್ಟಿದ ಅಕ್ಕನಿಗೆ ಯಾರೂ ಹಾಗೆ ‘ರಿ’ ಹಚ್ಚುವುದಿಲ್ಲ. ಅದು ಬ್ಯಾಂಕಿನವರಿಗೆ, ಹೊಸ ಗಿರಾಕಿಗೆ ಹೇಳುವ ಮಾತು. ಅಕ್ಕೋರ ಮುಖ ಸಣ್ಣಗಾಯಿತು. ಆದರೆ ಕೂರಲಿಲ್ಲ. ಬಸ್ಸಿನಲ್ಲಿ ಕಲಿತದ್ದೆಲ್ಲ ಮರೆತುಹೋಗಿತ್ತು ಅನ್ನಿಸುತ್ತದೆ. ಬಂದದ್ದು ಎರಡೇ ಮಾತು.

“ಅವತ್ತ ಎಲ್ಲಾರ ಮುಂದ ನಿನ್ನ ನಿಲ್ಲಿಸಿದ್ನಿ. ಇವತ್ತ ಎಲ್ಲಾರ ಮುಂದ ನಿಂತ ಹೇಳತೇನಿ, ತಪ್ಪ ನಂದ.”

ಹೊಲಿಗೆ ಯಂತ್ರಗಳು ನಿಂತವು. ಅಕ್ಕೋರ ತಮ್ಮ ಎಳೆಯುತ್ತಿದ್ದ ಗೆರೆಯನ್ನು ಪೂರ್ತಿ ಮಾಡಿದರು, ನಿಧಾನವಾಗಿ. ಆಮೇಲೆ “ಚಾ ಕುಡದ ಹೋಗ್ರಿ” ಎಂದರು. ಅಷ್ಟೇ. ನಾವು ಚಹಾ ಕುಡಿದು ಬಂದೆವು.

ಮರಳುವಾಗ ನನಗೆ ಅಳು ಬಂದಿತ್ತು. ಅಕ್ಕೋರು ಮಾತ್ರ ಶಾಂತವಾಗಿದ್ದರು. “ನನಗ ತಿಳಿಯಾಕ ಇಷ್ಟ ವರ್ಷ ಬೇಕಾತು. ಅವಗ ಒಂದ ತಾಸಿನ್ಯಾಗ ಮರ್ತಬಿಡು ಅಂದ್ರ ಹೆಂಗ?” ಎಂದರು. ಆ ಬಸ್ಸಿನ ಕಿಟಕಿಯಿಂದ ನನ್ನ ತಮ್ಮ ತನ್ನ ಹೊಸ ಟೋಪಿ ಹಾರಿಸಿಕೊಂಡ. ಮನೆಯಲ್ಲಿ ಅವ್ವ ಟೋಪಿ ಎಲ್ಲಿ ಎಂದಾಗ ಅವನು ನನ್ನ ಮುಖ ನೋಡಿದ. “ಬಸ್ಸಿನ್ಯಾಗ ಭಾಳ ಗದ್ದಲ ಇತ್ತವಾ” ಎಂದೆ ನಾನು. ಅವತ್ತಿನಿಂದ ಅವನು ತನ್ನ ತಪ್ಪುಗಳನ್ನು ಮೊದಲು ನನಗೇ ಹೇಳತೊಡಗಿದ. ಅವುಗಳಲ್ಲಿ ಎಷ್ಟೋ ಇನ್ನೂ ನನ್ನಲ್ಲೇ ಇವೆ.

ಶ್ರಾವಣ ಬಂತು. ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯಲು ಅಣ್ಣತಮ್ಮಂದಿರು ಓಣಿಗೆ ಬರುವ ದಿನಗಳು. ಆ ದಿನಗಳಲ್ಲಿ ಅಕ್ಕೋರ ಬಾಗಿಲು ಹೆಚ್ಚಾಗಿ ಮುಚ್ಚಿಯೇ ಇರುತ್ತಿತ್ತು. ಹಬ್ಬಕ್ಕೆ ಎರಡು ದಿನ ಮೊದಲು, ಬೆಳಿಗ್ಗೆ, ಅವರ ಟೇಲರ್ ತಮ್ಮ ಬಂದು ಆ ಬಾಗಿಲು ಬಡಿದರು. ನಾನು ಕಟ್ಟೆಯ ಮೇಲೆ ಕೂತಿದ್ದೆ. ಅಕ್ಕೋರು ಬಾಗಿಲು ತೆರೆದರು. ಟೇಲರ್ ಎತ್ತಲೋ ನೋಡುತ್ತ ಹೇಳಿದರು:

“ಅಕ್ಕಾ, ಲಗೂನ ತಯಾರಾಗು. ಹತ್ತೂವರಿ ಬಸ್ ತಪ್ಪತೈತಿ.”

ಅಕ್ಕೋರು ಬೀಗ ಹಾಕಿದರು. ಬೀಗದ ಕೈ ನಮಗೆ ಕೊಡುವುದನ್ನೂ ಮರೆತು ಹೋದರು.

ಮುಂದೆ ಅವರು ಮೂಡಲಗಿಯಲ್ಲೇ ಹೆಚ್ಚು ಇರತೊಡಗಿದರು. ನಾನು ಓದಲು ಬೆಳಗಾವಿಗೆ ಹೋದೆ. ಅವರು ತೀರಿಕೊಂಡ ಸುದ್ದಿ ಬಂದ ದಿನ ನನಗೆ ಪರೀಕ್ಷೆ. ತಮ್ಮ ಹೋಗಿ ಬಂದ, ನಾನು ಹೋಗಲಿಲ್ಲ. ಆಮೇಲೂ ಹೋಗಲಿಲ್ಲ, ಯಾಕೋ...

ಗೆಳತಿಯ ಮನೆಯಲ್ಲಿ ಉಂಡು ಬಂದ ಮರುವಾರ ಮೂಡಲಗಿಗೆ ಹೋದೆ. ಟೇಲರ್ ಈಗ ಕತ್ತರಿ ಹಿಡಿಯುವುದಿಲ್ಲ, ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಗುರುತು ಹೇಳಿದೆ. ನನ್ನ ತಮ್ಮನನ್ನು ವಿಚಾರಿಸಿದರು. ಹತ್ತರಗಿಯಲ್ಲಿ ಗ್ಯಾರೇಜು ಇಟ್ಟಿದ್ದಾನೆ ಎಂದೆ.

“ಇಬ್ಬರೂ ಮಾತಾಡತೀರಿಲ್ಲ?”

“ದಿನಾ ಫೋನ್ ಮಾಡತಾನ್ರಿ.”

“ಚಲೋ ಆತು” ಎಂದರು. ಆಮೇಲೆ ಹೇಳಿದರು, “ಕಡೀಕ ನಾ ಸ್ವೆಟರ್ ಹಾಕ್ಕೊಳ್ಳದ ಹೊರಗ ಬಂದ್ರೂ ಅಕ್ಕ ಬೈತಿದ್ಲು. ಈಗ ನನ್ನ ಬೈಯ್ಯವ್ರ ಯಾರೂ ಉಳದಿಲ್ಲ ನೋಡವಾ.”

ನಾನು ಅವರ ಪಕ್ಕದಲ್ಲೇ ಕೂತಿದ್ದೆ. ನನ್ನ ಬಸ್ಸು ಬಂತು, ಹೋಯಿತು. ಇನ್ನೊಂದು ಬಂದ ಮೇಲೆಯೇ ಎದ್ದೆ.